ಇತಿಹಾಸದ ಪಠ್ಯಕ್ರಮ ಹುಡುಕಲು, ಹಂಚಲು ಯಾವುದು ಮೇಲು: ಲಿಸ್ಟ್‌ಸರ್ವ್, ಎಫ್‌ಟಿಪಿ, ಗೋಫರ್ ಮತ್ತು ಮೊದಲ ದಿನಗಳ ವೆಬ್

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಿಲಬಸ್ ಎಂಬ ಮಾತಿಗಿರುವ ಅರ್ಥ ನಮ್ಮ ಬಳಕೆಯಿಂದ ಸ್ವಲ್ಪ ಬೇರೆ. ನಮ್ಮಲ್ಲಿ ಅದು ಅಧ್ಯಯನ ಮಂಡಳಿಯ ಸಭೆಯಲ್ಲಿ ಅಂಗೀಕಾರವಾಗಿ, ಸಂಯೋಜಿತ ಕಾಲೇಜುಗಳಿಗೆಲ್ಲ ಒಂದೇ ರೂಪದಲ್ಲಿ ಬರುತ್ತದೆ. ಅಲ್ಲಿ ಕೋರ್ಸನ್ನು ಕಲಿಸುವ ಅಧ್ಯಾಪಕರೇ ಅದನ್ನು ಬರೆದು, ಮೊದಲ ತರಗತಿಯ ದಿನ ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆ. ಯಾವ ವಾರ ಯಾವ ವಿಷಯ, ಯಾವ ಪುಸ್ತಕದ ಯಾವ ಪುಟಗಳು, ಎಷ್ಟು ಪ್ರಬಂಧ, ಯಾವುದಕ್ಕೆ ಎಷ್ಟು ಅಂಕ ಎಂಬುದೆಲ್ಲ ಅದರಲ್ಲಿರುತ್ತದೆ. ಹಾಗಾಗಿ ಒಂದೇ ಹೆಸರಿನ ಕೋರ್ಸನ್ನು ಇಬ್ಬರು ಕಲಿಸಿದರೆ ಪಠ್ಯಕ್ರಮವೂ ಎರಡಾಗುತ್ತದೆ, ಮತ್ತು ಆ ಎರಡರ ನಡುವಿನ ವ್ಯತ್ಯಾಸವೇ ಆ ಕಾಲದಲ್ಲಿ ಇತಿಹಾಸವನ್ನು ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಾಗುತ್ತದೆ. ಇಂಟರ್ನೆಟ್ ಬರುವ ಮೊದಲು, ಮಹಿಳಾ ಇತಿಹಾಸವನ್ನೋ ನಗರ ಇತಿಹಾಸವನ್ನೋ ಹೊಸದಾಗಿ ಕಲಿಸಲು ಹೊರಟವರು ಬೇರೆ ಊರಿನ ಪರಿಚಿತರಿಗೆ ಕಾಗದ ಬರೆದು ಜೆರಾಕ್ಸ್ ಪ್ರತಿ ತರಿಸಿಕೊಳ್ಳಬೇಕಿತ್ತು. ಪರಿಚಯದ ಬಳಗ ಚಿಕ್ಕದಾಗಿದ್ದವರಿಗೆ ಆ ದಾರಿಯೂ ಇರಲಿಲ್ಲ.

1990ರಿಂದ 1996ರವರೆಗಿನ ಆರೇಳು ವರ್ಷಗಳಲ್ಲಿ ಈ ಹಂಚಿಕೆಗೆ ಹಲವು ಸಾಧನಗಳು ಒಟ್ಟೊಟ್ಟಿಗೆ ಒದಗಿದವು. ಇತಿಹಾಸ ಬೋಧನೆಯ ಬಗ್ಗೆ ಸಂಶೋಧನೆ ನಡೆಸುವವರಿಗೂ, ಆ ಕಾಲದ ಪಠ್ಯಕ್ರಮಗಳನ್ನು ಇಂದು ಹುಡುಕಲು ಹೊರಟವರಿಗೂ, ತಮ್ಮದೇ ಪಠ್ಯಕ್ರಮವನ್ನು ಬಹುಕಾಲ ಉಳಿಯುವ ಜಾಗದಲ್ಲಿ ಇಡಬೇಕೆನ್ನುವವರಿಗೂ ಈ ಸಾಧನಗಳ ಗುಣದೋಷಗಳು ತಿಳಿದಿರುವುದು ಅಗತ್ಯ. ನಾನು ಇವುಗಳನ್ನು ಅಳೆಯುವಾಗ ವೇಗಕ್ಕಿಂತಲೂ ನೋಟಕ್ಕಿಂತಲೂ ಒಂದು ಪ್ರಶ್ನೆಗೆ ಹೆಚ್ಚು ತೂಕ ಕೊಟ್ಟಿದ್ದೇನೆ: ಪಠ್ಯಕ್ರಮದ ಜೊತೆಗೆ ಅದನ್ನು ಬರೆದವರ ಹೆಸರು, ಕಾಲ ಮತ್ತು ಕಾರಣ ಕೂಡ ಓದುವವರ ಕೈಗೆ ತಲುಪುತ್ತವೆಯೇ? ಪುಸ್ತಕಗಳ ಪಟ್ಟಿ ಎಲ್ಲಾದರೂ ಸಿಕ್ಕೀತು. ಆರನೆಯ ವಾರದ ಪುಸ್ತಕವನ್ನು ಮರುವರ್ಷ ಏಕೆ ಕೈಬಿಟ್ಟರು ಎಂಬುದು ಸುಲಭವಾಗಿ ಸಿಗುವುದಿಲ್ಲ.

ಲಿಸ್ಟ್‌ಸರ್ವ್ ಮತ್ತು ಎಚ್-ನೆಟ್

ನನ್ನ ಮೊದಲ ಆಯ್ಕೆ ಮೇಲಿಂಗ್ ಲಿಸ್ಟ್. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವನ್ನೂ ಯೇಲ್ ವಿಶ್ವವಿದ್ಯಾಲಯವನ್ನೂ ಜೋಡಿಸುವ ಮೂಲಕ 1981ರಲ್ಲಿ ಆರಂಭವಾದ ಬಿಟ್‌ನೆಟ್ ಜಾಲದಲ್ಲಿ, 1986ರಲ್ಲಿ ಎರಿಕ್ ಥಾಮಸ್ ಎಂಬವರು ಬರೆದ ಲಿಸ್ಟ್‌ಸರ್ವ್ ಎಂಬ ತಂತ್ರಾಂಶ ಬೇಗನೆ ಹರಡಿತು. ಅದರ ಕೆಲಸ ಸರಳವಾದದ್ದು: ಒಬ್ಬರು ಕಳಿಸಿದ ಪತ್ರವನ್ನು ಎಲ್ಲ ಚಂದಾದಾರರಿಗೂ ಹಂಚುವುದು ಮತ್ತು ಹಂಚಿದ್ದನ್ನೆಲ್ಲ ದಿನಾಂಕದೊಡನೆ ಕಡತದಲ್ಲಿ ಸೇರಿಸಿಡುವುದು. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಶಾಖೆಯಲ್ಲಿ ಇತಿಹಾಸಕಾರ ರಿಚರ್ಡ್ ಜೆನ್ಸನ್ ಇದೇ ತಂತ್ರಾಂಶದ ಮೇಲೆ, ಇತಿಹಾಸಕಾರರ ಲಿಸ್ಟುಗಳ ಜಾಲವಾದ ಎಚ್-ನೆಟ್ ಅನ್ನು ಕಟ್ಟಿದರು. 1993ರ ಆರಂಭದಲ್ಲಿ ನಗರ ಇತಿಹಾಸಕ್ಕೆಂದು ಎಚ್-ಅರ್ಬನ್ ಬಂತು; ಅದರ ಬೆನ್ನಿಗೇ ಮಹಿಳಾ ಇತಿಹಾಸ, ಕಾರ್ಮಿಕ ಇತಿಹಾಸ, ಅಮೆರಿಕದ ದಕ್ಷಿಣ ರಾಜ್ಯಗಳ ಇತಿಹಾಸ, ಏಷ್ಯಾದ ಇತಿಹಾಸ ಎಂದು ಒಂದೊಂದು ವಿಷಯಕ್ಕೂ ಒಂದೊಂದು ಲಿಸ್ಟ್ ಹುಟ್ಟಿಕೊಂಡಿತು. ಮುಂದೆ ಎಚ್-ನೆಟ್‌ನ ಕೇಂದ್ರ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡಿತು. ಪ್ರತಿಯೊಂದು ಲಿಸ್ಟಿಗೂ ಆಯಾ ವಿಷಯದ ವಿದ್ವಾಂಸರೇ ಸಂಪಾದಕರಾಗಿದ್ದರು. ಬಂದ ಪತ್ರಗಳು ಅವರ ಕಣ್ಣು ದಾಟಿಯೇ ಹೊರಗೆ ಹೋಗುತ್ತಿದ್ದವು.

ಲಿಸ್ಟ್‌ಸರ್ವ್ ಬಳಸುವುದಕ್ಕೆ ಸ್ವಲ್ಪ ಶಿಸ್ತು ಬೇಕಿತ್ತು. ಪ್ರತಿಯೊಂದು ಲಿಸ್ಟಿಗೂ ಎರಡು ವಿಳಾಸಗಳಿದ್ದವು: ಒಂದು ಓದುಗರಿಗೆ, ಇನ್ನೊಂದು ಯಂತ್ರಕ್ಕೆ. ಯಂತ್ರದ ವಿಳಾಸಕ್ಕೆ, ವಿಷಯದ ಸಾಲನ್ನು ಖಾಲಿ ಬಿಟ್ಟು, ಪತ್ರದ ಒಡಲಲ್ಲಿ ಇಂಡೆಕ್ಸ್ ಎಂಬ ಪದ, ಅದರ ಮುಂದೆ ಲಿಸ್ಟಿನ ಹೆಸರು ಎಂದು ಒಂದೇ ಸಾಲು ಬರೆದು ಕಳಿಸಿದರೆ ಕಡತಗಳ ಪಟ್ಟಿ ಮರಳಿ ಬರುತ್ತಿತ್ತು. ಆ ಪಟ್ಟಿಯನ್ನು ನೋಡಿಕೊಂಡು ಗೆಟ್ ಎಂಬ ಪದದ ಮುಂದೆ ಕಡತದ ಹೆಸರು ಬರೆದು ಇನ್ನೊಂದು ಪತ್ರ ಕಳಿಸಿದರೆ ಕಡತವೇ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತಿತ್ತು. ಐಬಿಎಂ ಮೇನ್‌ಫ್ರೇಮ್‌ನ ಪದ್ಧತಿಯಂತೆ ಕಡತದ ಹೆಸರು ಎರಡು ತುಂಡಾಗಿ, ಒಂದೊಂದು ತುಂಡೂ ಎಂಟು ಅಕ್ಷರ ಮೀರದಂತೆ ಇರಬೇಕಿತ್ತು. ಸಿಲಬಸ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಎಂಟು ಅಕ್ಷರಗಳಾಗುವುದರಿಂದ ಅದು ಎರಡನೆಯ ತುಂಡಿಗೆ ಚೆನ್ನಾಗಿಯೇ ಹೊಂದುತ್ತಿತ್ತು. ಕೋರ್ಸಿನ ಹೆಸರನ್ನು ಮಾತ್ರ ಮೊದಲನೆಯ ತುಂಡಿನೊಳಗೆ ಕುಗ್ಗಿಸಬೇಕಾಗುತ್ತಿತ್ತು. ಹಳೆಯ ಪತ್ರಗಳೊಳಗೆ ಪದ ಹುಡುಕಬೇಕೆಂದರೆ ಪಂಚ್ ಕಾರ್ಡುಗಳ ಕಾಲವನ್ನು ನೆನಪಿಸುವ ಐದಾರು ಸಾಲಿನ ಆಜ್ಞೆಯನ್ನು, ಗೆರೆ ಚುಕ್ಕೆಗಳೂ ತಪ್ಪದಂತೆ, ಬರೆದು ಕಳಿಸಬೇಕಿತ್ತು. ಮೊದಲ ಉತ್ತರದಲ್ಲಿ ಹೊಂದುವ ಪತ್ರಗಳ ಸಂಖ್ಯೆ, ದಿನಾಂಕ ಮತ್ತು ಶೀರ್ಷಿಕೆ ಬರುತ್ತಿದ್ದವು. ಆ ಸಂಖ್ಯೆಗಳನ್ನು ಹಾಕಿ ಮತ್ತೆ ಬರೆದರೆ ಪೂರ್ಣ ಪಠ್ಯ. ಕೆಲಸ ನಿಧಾನವಾದರೂ, ಶೀರ್ಷಿಕೆಯನ್ನಷ್ಟೇ ಅಲ್ಲದೆ ಪತ್ರದ ಒಡಲನ್ನೂ ಹುಡುಕುವ ಈ ಸೌಲಭ್ಯ ಆ ಕಾಲಕ್ಕೆ ದೊಡ್ಡದು.

ಹೀಗೆ ಬಂದ ಪಠ್ಯಕ್ರಮದ ರೂಪವನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ಮೇಲ್ಗಡೆ ಕಳಿಸಿದವರ ಹೆಸರು, ದಿನಾಂಕ, ವಿಷಯದ ಸಾಲು. ಅದರ ಕೆಳಗೆ ಸಂಪಾದಕರದೋ ಕಳಿಸಿದವರದೋ ನಾಲ್ಕು ಸಾಲಿನ ಮಾತು: ಇದು ಎಷ್ಟನೆಯ ವರ್ಷದ ಕೋರ್ಸು, ತರಗತಿಯಲ್ಲಿ ಎಷ್ಟು ಜನ, ಯಾರ ಪ್ರಶ್ನೆಗೆ ಉತ್ತರವಾಗಿ ಕಳಿಸುತ್ತಿದ್ದೇನೆ ಎಂಬ ವಿವರ. ಆಮೇಲೆ ಪಠ್ಯಕ್ರಮ, ಸಾಲಿಗೆ ಎಂಬತ್ತು ಅಕ್ಷರ ಮೀರದ ಹಾಗೆ ಮುರಿದದ್ದು. ಓರೆ ಅಕ್ಷರಕ್ಕೆ ಅವಕಾಶವಿಲ್ಲದ್ದರಿಂದ ಪುಸ್ತಕದ ಹೆಸರಿನ ಹಿಂದೆ ಮುಂದೆ ಒಂದೊಂದು ಅಡಿಗೆರೆ. ಬರಿಯ ಆಸ್ಕಿ, ಅಂದರೆ ಇಂಗ್ಲಿಷಿನ ಮೂಲ ಅಕ್ಷರಗಳು ಮಾತ್ರ ಸುರಕ್ಷಿತವಾಗಿ ಸಾಗುತ್ತಿದ್ದುದರಿಂದ ಫ್ರೆಂಚ್ ಮತ್ತು ಜರ್ಮನ್ ಹೆಸರುಗಳ ಮೇಲಿನ ಚಿಹ್ನೆಗಳೆಲ್ಲ ಮಾಯ. ಇಷ್ಟೆಲ್ಲ ಬಡತನದ ನಡುವೆಯೂ ಆ ಕಡತದ ಕೆಳಗೆ, ಮುಂದಿನ ದಿನಗಳ ಪತ್ರಗಳಲ್ಲಿ, ಇದೇ ಪುಸ್ತಕ ನನ್ನ ವಿದ್ಯಾರ್ಥಿಗಳಿಗೆ ಕಷ್ಟವಾಯಿತು, ಬದಲಿಗೆ ಇದನ್ನು ಓದಿಸಿ ನೋಡಿ ಎಂಬ ಬಗೆಯ ಉತ್ತರಗಳು ಬರುತ್ತಿದ್ದವು. ಉಳಿದ ಯಾವ ಸಾಧನವೂ ಇದನ್ನು ಇಷ್ಟು ಚೆನ್ನಾಗಿ ಕೊಡಲಿಲ್ಲ ಎಂಬುದೇ ನಾನು ಇದನ್ನು ಮೊದಲಿಗೆ ಇಡುವುದಕ್ಕೆ ಕಾರಣ.

ಇದರ ದೋಷವನ್ನೂ ಹೇಳಬೇಕು. ಲಿಸ್ಟಿನ ಹೆಸರು ಗೊತ್ತಿಲ್ಲದವರಿಗೆ ಬಾಗಿಲೇ ಕಾಣುತ್ತಿರಲಿಲ್ಲ. ವಿಷಯಗಳು ಲಿಸ್ಟುಗಳ ಗಡಿಯಲ್ಲಿ ಹಂಚಿಹೋಗಿದ್ದರಿಂದ, ವಸಾಹತು ನಗರಗಳ ಮಹಿಳೆಯರ ಇತಿಹಾಸದಂಥ ಕೋರ್ಸಿಗೆ ಮೂರು ಕಡೆ ಹುಡುಕಬೇಕಾಗುತ್ತಿತ್ತು.

ಅನಾಮಧೇಯ ಎಫ್‌ಟಿಪಿ ಮತ್ತು ಆರ್ಚಿ

ಎಫ್‌ಟಿಪಿ ಎಂಬ ಕಡತ ವರ್ಗಾವಣೆಯ ನಿಯಮಗಳು 1985ರ ಹೊತ್ತಿಗೆ ಇಂದಿನ ರೂಪಕ್ಕೆ ಬಂದಿದ್ದವು. ಅನಾನಿಮಸ್ ಎಂಬ ಹೆಸರಿನಲ್ಲಿ ಪ್ರವೇಶಿಸಿ, ಗುಪ್ತಪದದ ಜಾಗದಲ್ಲಿ ಸೌಜನ್ಯಕ್ಕೆಂದು ಸ್ವಂತ ಮಿಂಚಂಚೆ ವಿಳಾಸವನ್ನು ಕೊಟ್ಟು, ಪಬ್ ಎಂಬ ಕಡತಕೋಶದೊಳಗೆ ಇಳಿದು ಬೇಕಾದ್ದನ್ನು ತೆಗೆದುಕೊಳ್ಳುವುದು ಪದ್ಧತಿ. ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಅಮೆರಿಕದ ಇತಿಹಾಸಕಾರ ಡಾನ್ ಮ್ಯಾಬ್ರಿ 1990ರ ದಶಕದ ಆರಂಭದಲ್ಲೇ ಇಂಥದೊಂದು ಐತಿಹಾಸಿಕ ಪಠ್ಯಗಳ ಭಂಡಾರವನ್ನು ತೆರೆದಿದ್ದರು. ಇತಿಹಾಸಕಾರರು ತಾವೇ ಕಟ್ಟಿದ ಮೊದಮೊದಲ ಭಂಡಾರಗಳಲ್ಲಿ ಅದೂ ಒಂದು.

ದೊಡ್ಡ ಕಡತಗಳಿಗೆ ಎಫ್‌ಟಿಪಿ ತಕ್ಕದ್ದು, ಪಠ್ಯಕ್ರಮದಂಥ ಚಿಕ್ಕ ದಾಖಲೆಗೆ ಅದರ ಅಗತ್ಯ ಹೆಚ್ಚಿರಲಿಲ್ಲ. ಹುಡುಕಾಟದಲ್ಲಿ ಅದು ಇನ್ನೂ ದುರ್ಬಲ. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ 1990ರಲ್ಲಿ ರೂಪಿಸಿದ ಆರ್ಚಿ ಎಂಬ ಸೂಚಿ ಕಡತಗಳ ಹೆಸರುಗಳನ್ನು ಮಾತ್ರ ನೋಡುತ್ತಿತ್ತು, ಒಳಗಿನ ಪಠ್ಯವನ್ನು ಮುಟ್ಟುತ್ತಿರಲಿಲ್ಲ. ಅಧ್ಯಾಪಕರೊಬ್ಬರು ತಮ್ಮ ಕಡತಕ್ಕೆ ಕೋರ್ಸಿನ ಸಂಖ್ಯೆಯನ್ನಷ್ಟೇ ಹೆಸರಾಗಿ ಇಟ್ಟಿದ್ದರೆ, ಫ್ರೆಂಚ್ ಕ್ರಾಂತಿಯ ಪಠ್ಯಕ್ರಮ ಹುಡುಕುವವರಿಗೆ ಅದು ಎಂದೂ ಸಿಗದು. ಜೊತೆಗೆ, ಕೋಶದಲ್ಲಿ ಓದಿ ನೋಡಿ ಎಂಬ ವಿವರಣೆಯ ಕಡತ ಇಲ್ಲದಿದ್ದರೆ ದಾಖಲೆ ಯಾರದು, ಯಾವ ವರ್ಷದ್ದು ಎಂದು ತಿಳಿಯುವುದೂ ಕಷ್ಟ. ಇಡುವುದಕ್ಕೆ ಸರಿ, ಹುಡುಕುವುದಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಗೋಫರ್ ಮತ್ತು ವೆರೋನಿಕಾ

ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮೆಕಾಹಿಲ್ ಮತ್ತು ಸಂಗಡಿಗರು 1991ರಲ್ಲಿ ಹೊರತಂದ ಗೋಫರ್ ಎಂಬ ಮೆನು ವ್ಯವಸ್ಥೆ ಬಂದಾಗ ಅಧ್ಯಾಪಕರು ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬೇಕು. ಆಜ್ಞೆಗಳನ್ನು ನೆನಪಿಡುವ ಅಗತ್ಯವಿರಲಿಲ್ಲ. ಪರದೆಯ ಮೇಲೆ ಅಂಕಿ ಹಾಕಿದ ಸಾಲುಗಳು, ಎಡಗಡೆ ಒಂದು ಬಾಣ. ಸಾಲಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಅದು ಇನ್ನೊಂದು ಮೆನು, ಪ್ರಶ್ನೆಚಿಹ್ನೆ ಇದ್ದರೆ ಹುಡುಕಾಟ, ಏನೂ ಇಲ್ಲದಿದ್ದರೆ ಅಥವಾ ಚುಕ್ಕೆ ಇದ್ದರೆ ಓದುವ ಪಠ್ಯ. ವಿಶ್ವವಿದ್ಯಾಲಯ, ಅದರೊಳಗೆ ಕಲಾ ವಿಭಾಗ, ಅದರೊಳಗೆ ಇತಿಹಾಸ ಇಲಾಖೆ, ಅದರೊಳಗೆ ಕೋರ್ಸುಗಳು ಎಂದು ಬಾಣದ ಕೀಲಿಯನ್ನು ಒತ್ತುತ್ತ ಇಳಿದುಹೋದರೆ ಪಠ್ಯಕ್ರಮ ಕಣ್ಣೆದುರಿಗೆ. ಒಂದು ಸಾಲು ಮಿನೆಸೋಟಾದ ಯಂತ್ರದ್ದು, ಮುಂದಿನದು ಲಂಡನ್ನಿನದು ಎಂಬ ಭೇದವೂ ಓದುವವರಿಗೆ ಅರಿವಾಗುತ್ತಿರಲಿಲ್ಲ.

ನೆವಾಡಾ ವಿಶ್ವವಿದ್ಯಾಲಯದ ರೀನೋ ಶಾಖೆಯಲ್ಲಿ 1992ರಲ್ಲಿ ಸಿದ್ಧವಾದ ವೆರೋನಿಕಾ, ಗೋಫರ್ ಜಗತ್ತಿನ ಮೆನು ಶೀರ್ಷಿಕೆಗಳನ್ನೆಲ್ಲ ಒಂದೇ ಕಡೆ ಹುಡುಕಲು ಅನುವು ಮಾಡಿತು. ಸಿಲಬಸ್ ಮತ್ತು ಹಿಸ್ಟರಿ ಎಂಬ ಎರಡು ಪದ ಕೊಟ್ಟರೆ ಹಲವು ವಿಶ್ವವಿದ್ಯಾಲಯಗಳ ಸಾಲುಗಳು ಒಂದೇ ಮೆನುವಿನಲ್ಲಿ ಮೂಡುತ್ತಿದ್ದವು. ಸಂಪರ್ಕಗಳು ವಿಪರೀತವಾಗಿವೆ, ಸ್ವಲ್ಪ ಹೊತ್ತಿನ ಬಳಿಕ ಪ್ರಯತ್ನಿಸಿ ಎಂಬ ಉತ್ತರವೂ ಅಷ್ಟೇ ಸಲ ಮೂಡುತ್ತಿತ್ತು. ಅಮೆರಿಕದಲ್ಲಿ ನಸುಕಿರುವ ಹೊತ್ತನ್ನು ನೋಡಿ ಹುಡುಕಿದರೆ ಬೇಗ ಸಿಗುವುದು ಎಲ್ಲರಿಗೂ ತಿಳಿದ ಉಪಾಯವಾಗಿತ್ತು. ಆದರೆ ವೆರೋನಿಕಾ ನೋಡುತ್ತಿದ್ದುದೂ ಶೀರ್ಷಿಕೆಯನ್ನೇ, ಒಳಗಿನ ಪಠ್ಯವನ್ನಲ್ಲ. ಎಫ್‌ಟಿಪಿಯಲ್ಲಿ ಕಡತದ ಚುಟುಕು ಹೆಸರು ಮಾಡಿದ ತೊಂದರೆಯನ್ನು ಇಲ್ಲಿ ಉದ್ದನೆಯ ಮೆನು ಸಾಲು ಬಹುಮಟ್ಟಿಗೆ ತಗ್ಗಿಸಿತು ಎಂಬುದಷ್ಟೇ ಸಮಾಧಾನ.

ಯಾವ ವಿಶ್ವವಿದ್ಯಾಲಯದಲ್ಲಿ ಏನು ಕಲಿಸುತ್ತಾರೆ ಎಂದು ಅಗಲವಾಗಿ ತಿಳಿಯಬೇಕಿದ್ದವರಿಗೆ 1993ರಲ್ಲಿ ಗೋಫರ್‌ಗಿಂತ ಒಳ್ಳೆಯ ಸಾಧನವಿರಲಿಲ್ಲ. ಹಾಗಿದ್ದೂ ನಾನು ಅದನ್ನು ಎರಡನೆಯ ಸ್ಥಾನಕ್ಕೆ ಇಳಿಸುವುದಕ್ಕೆ ಕಾರಣವಿದೆ. ಮೆನುವಿನಲ್ಲಿ ಪಠ್ಯಕ್ರಮ ಒಂಟಿಯಾಗಿ ನಿಲ್ಲುತ್ತದೆ. ಅದನ್ನು ಇಟ್ಟವರು ಹೆಚ್ಚಾಗಿ ಗಣಕ ಕೇಂದ್ರದ ಸಿಬ್ಬಂದಿ, ಬರೆದವರಲ್ಲ. ಓದಿದವರು ಪ್ರಶ್ನೆ ಕೇಳಲು ಅಲ್ಲಿ ಜಾಗವಿಲ್ಲ. ಹೊಸ ವರ್ಷದ ಪ್ರತಿ ಬಂದಾಗ ಹಳೆಯದನ್ನು ಅಳಿಸಿಬಿಡುವುದೇ ವಾಡಿಕೆ. ಇದರ ಮೇಲೆ, 1993ರ ಆರಂಭದಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯ ತನ್ನ ಗೋಫರ್ ಸರ್ವರ್ ತಂತ್ರಾಂಶಕ್ಕೆ ಕೆಲವು ಬಗೆಯ ಬಳಕೆದಾರರಿಂದ ಶುಲ್ಕ ಪಡೆಯುವುದಾಗಿ ಹೇಳಿತು. ಅದೇ ವರ್ಷ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಕೆಲವೇ ವರ್ಷಗಳಲ್ಲಿ ಗೋಫರ್ ಸರ್ವರುಗಳು ಒಂದೊಂದಾಗಿ ನಿಂತವು, ಮತ್ತು ಅವುಗಳಲ್ಲಿದ್ದ ಪಠ್ಯಕ್ರಮಗಳಲ್ಲಿ ಎಷ್ಟೋ ವೆಬ್‌ಗೆ ದಾಟಲೇ ಇಲ್ಲ. ಇತಿಹಾಸದ ಅಧ್ಯಾಪಕರ ಕೆಲಸದ ದಾಖಲೆಯೇ ಹೀಗೆ ಇಲ್ಲವಾದದ್ದನ್ನು ನೆನೆದರೆ ನನಗೆ ಇಂದಿಗೂ ವ್ಯಥೆಯಾಗುತ್ತದೆ.

ಇದೇ ಸಾಲಿನಲ್ಲಿ ವೇಯ್ಸ್ ಮತ್ತು ಯೂಸ್‌ನೆಟ್ ಹೆಸರುಗಳೂ ಬರುತ್ತವೆ. ಬ್ರೂಸ್ಟರ್ ಕೇಲ್ ಮತ್ತು ಸಂಗಡಿಗರು ರೂಪಿಸಿದ ವೇಯ್ಸ್ ಪೂರ್ಣ ಪಠ್ಯವನ್ನೇ ಹುಡುಕುತ್ತಿತ್ತು, ಆದರೆ ಯಾವ ಸಂಗ್ರಹದಲ್ಲಿ ಹುಡುಕಬೇಕೆಂದು ಮೊದಲೇ ತಿಳಿದಿರಬೇಕಿತ್ತು. ಸಾರ್ವಜನಿಕ ಚರ್ಚಾಗುಂಪುಗಳ ಜಾಲವಾದ ಯೂಸ್‌ನೆಟ್‌ನಲ್ಲಿ ಬಂದ ಸಂದೇಶಗಳನ್ನು ಸರ್ವರುಗಳು ಕೆಲವು ದಿನ ಅಥವಾ ವಾರಗಳಲ್ಲಿ ಅಳಿಸುತ್ತಿದ್ದುದರಿಂದ ಪಠ್ಯಕ್ರಮಕ್ಕೆ ಅದು ತಕ್ಕ ಜಾಗವಲ್ಲ.

ಮೊದಲ ದಿನಗಳ ವೆಬ್

ವೆಬ್ ಎಂದರೆ 1993ರಲ್ಲಿ ಬಂದ ಮೊಸಾಯಿಕ್ ಎಂಬ ಚಿತ್ರಸಹಿತ ಬ್ರೌಸರ್ ನೆನಪಾಗುವುದು ಸಹಜ. ಇತಿಹಾಸಕಾರರ ಮಟ್ಟಿಗೆ ಅಷ್ಟೇ ಮುಖ್ಯವಾದ ಹೆಸರು ಕ್ಯಾನ್ಸಸ್ ವಿಶ್ವವಿದ್ಯಾಲಯದ್ದು. ಬರಿಯ ಅಕ್ಷರಗಳ ಪರದೆಯಲ್ಲೇ ಕೆಲಸ ಮಾಡುವ ಲಿಂಕ್ಸ್ ಬ್ರೌಸರ್ ಹುಟ್ಟಿದ್ದು ಅಲ್ಲಿ. ಅಲ್ಲಿಯ ಮಧ್ಯಯುಗದ ಇತಿಹಾಸಕಾರ ಲಿನ್ ನೆಲ್ಸನ್ 1993ರಲ್ಲಿ ಎಚ್‌ಎನ್‌ಸೋರ್ಸ್ ಎಂಬ ತಾಣವನ್ನು ತೆರೆದದ್ದೂ ಅಲ್ಲೇ. ಸ್ವಂತ ಬ್ರೌಸರ್ ಇಲ್ಲದವರು ದೂರದ ಯಂತ್ರವನ್ನು ಪ್ರವೇಶಿಸಲು ಬಿಡುವ ಟೆಲ್‌ನೆಟ್ ಮೂಲಕ ಆ ಯಂತ್ರಕ್ಕೆ ಹೋಗಿ, ಹಿಸ್ಟರಿ ಎಂದು ಲಾಗಿನ್ ಹೆಸರು ಕೊಟ್ಟರೆ ಸಾಕು, ಬಾಗಿಲು ತೆರೆಯುತ್ತಿತ್ತು. 1994ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಶಾಖೆ ವರ್ಲ್ಡ್ ಲೆಕ್ಚರ್ ಹಾಲ್ ಹೆಸರಿನಲ್ಲಿ ವೆಬ್‌ನಲ್ಲಿರುವ ಕೋರ್ಸುಗಳನ್ನು ವಿಷಯವಾರು ಜೋಡಿಸತೊಡಗಿತು, ಮತ್ತು 1995ರ ಕೊನೆಯಲ್ಲಿ ಬಂದ ಆಲ್ಟಾವಿಸ್ಟಾ ಎಂಬ ಹುಡುಕುತಾಣ ಪುಟಗಳ ಒಳಗಿನ ಪದಗಳನ್ನೆಲ್ಲ ಹುಡುಕಲು ಸಾಧ್ಯವಾಗಿಸಿತು. ಕಡತಕ್ಕೆ ಏನು ಹೆಸರಿಟ್ಟರೂ ಒಳಗಿರುವ ಪುಸ್ತಕದ ಹೆಸರಿನಿಂದಲೇ ಪಠ್ಯಕ್ರಮವನ್ನು ಹಿಡಿಯಬಹುದಾದದ್ದು ಆಗಿನಿಂದ.

ವೆಬ್‌ನ ಇನ್ನೊಂದು ಹಿರಿಮೆ, ಪಠ್ಯಕ್ರಮವೂ ಅದರಲ್ಲಿ ಹೇಳಿದ ಓದುವ ಸಾಮಗ್ರಿಯೂ ಒಂದಕ್ಕೊಂದು ಕೊಂಡಿಯಾಗಿ ಬರುವುದು. 1996ರಲ್ಲಿ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹಾಲ್ಸಾಲ್ ಆರಂಭಿಸಿದ ಮೂಲಪಠ್ಯಗಳ ಸಂಗ್ರಹ, ವಾರದ ಓದಿಗೆ ಬೇಕಾದ ಆಕರಗಳನ್ನು ನೇರವಾಗಿ ಪರದೆಗೆ ತಂದಿತು. ಅದಕ್ಕೆ ಎದುರಾಗಿ ಇರುವ ದೋಷವೂ ದೊಡ್ಡದೇ. ಅಧ್ಯಾಪಕರ ಪಠ್ಯಕ್ರಮಗಳು ಬಹುತೇಕ ಅವರವರ ಹೆಸರಿನ ಕಡತಕೋಶದಲ್ಲಿ ಇರುತ್ತಿದ್ದವು. ಅವರು ಕೆಲಸ ಬಿಟ್ಟರೆ, ನಿವೃತ್ತರಾದರೆ, ಕೊನೆಗೆ ಗಣಕ ಕೇಂದ್ರ ಹೊಸ ಸರ್ವರ್ ತಂದರೂ ಸಾಕು, ವಿಳಾಸ ಸತ್ತಂತೆಯೇ.

ಮಿಂಚಂಚೆ ಮಾತ್ರ ಇದ್ದವರಿಗೆ

ಸಾಧನದ ಆಯ್ಕೆ ಎಲ್ಲರಿಗೂ ಸಮನಾಗಿ ಇರಲಿಲ್ಲ. ಭಾರತದಲ್ಲಿ 1986ರಲ್ಲಿ ಆರಂಭವಾದ, ಶಿಕ್ಷಣ ಮತ್ತು ಸಂಶೋಧನೆಗೆಂದೇ ಇದ್ದ ಎರ್ನೆಟ್ ಜಾಲ ಯೋಜನೆಯ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆ ಜಾಲದ ಬಹಳಷ್ಟು ಬಳಕೆದಾರರ ಮಟ್ಟಿಗೆ ಇಂಟರ್ನೆಟ್ ಎಂದರೆ ಮೊದಲಿಗೆ ಮಿಂಚಂಚೆಯೇ. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ತೆರೆದುಕೊಂಡದ್ದು 1995ರ ಆಗಸ್ಟ್ 15ರಂದು, ಅದರಲ್ಲೂ ಅಗ್ಗದ ಖಾತೆಗಳಲ್ಲಿ ಅಕ್ಷರದ ಪರದೆ ಮಾತ್ರ. ಇಂಥ ಪರಿಸ್ಥಿತಿಯಲ್ಲಿ ಲಿಸ್ಟ್‌ಸರ್ವ್ ಸಂಪೂರ್ಣವಾಗಿ ಕೈಗೆಟಕುತ್ತಿತ್ತು, ಏಕೆಂದರೆ ಹುಡುಕುವುದರಿಂದ ಕಡತ ಪಡೆಯುವವರೆಗೆ ಅದರ ಎಲ್ಲ ಕೆಲಸವೂ ಅಂಚೆಯಲ್ಲೇ ನಡೆಯುತ್ತಿತ್ತು. ಎಫ್‌ಟಿಪಿ ಭಂಡಾರದ ಕಡತಗಳನ್ನು ಅಂಚೆಯ ಮೂಲಕ ತರಿಸಿಕೊಡುವ ಮಧ್ಯವರ್ತಿ ಸೇವೆಗಳೂ ಇದ್ದವು. ದೊಡ್ಡ ಕಡತವನ್ನು ತುಂಡುತುಂಡಾಗಿ ಕಳಿಸುತ್ತಿದ್ದವು, ಒಂದು ತುಂಡು ಬಾರದಿದ್ದರೆ ಉಳಿದವು ನಿರುಪಯೋಗಿ. ಗೋಫರ್ ಮತ್ತು ವೆಬ್ ಎರಡನ್ನೂ ಸಲೀಸಾಗಿ ಬಳಸಲು ನೇರ ಸಂಪರ್ಕ ಬೇಕಿತ್ತು. ಮೇಲಿಂಗ್ ಲಿಸ್ಟನ್ನು ಮೊದಲಿಗೆ ಇಡಲು ಇದು ನನ್ನ ಎರಡನೆಯ ಕಾರಣ.

ಇಂದು ಹುಡುಕುವವರು ಎಲ್ಲಿಂದ ತೊಡಗಬೇಕು

1990ರ ದಶಕದ ಪಠ್ಯಕ್ರಮ ಬೇಕಾದವರು ಎಚ್-ನೆಟ್‌ನ ಚರ್ಚಾ ದಾಖಲೆಗಳಿಂದ ತೊಡಗುವುದು ಲೇಸು. ವಿಷಯದ ಲಿಸ್ಟನ್ನು ಆರಿಸಿ, ತಿಂಗಳುವಾರು ಓದುತ್ತ ಹೋಗಬೇಕು. ಸೆಮಿಸ್ಟರ್ ಆರಂಭವಾಗುವ ಆಗಸ್ಟ್ ಮತ್ತು ಜನವರಿ ತಿಂಗಳುಗಳ ಸುತ್ತಮುತ್ತ ಹುಡುಕಿದರೆ ಫಲ ಹೆಚ್ಚು. ಸಿಲಬಸ್ ಎಂಬ ಪದದ ಬಹುವಚನವನ್ನು ಇಂಗ್ಲಿಷಿನಲ್ಲಿ ಸಿಲಬೈ, ಸಿಲಬಸಸ್ ಎಂದು ಎರಡು ಬಗೆಯಾಗಿ ಬರೆಯುವುದರಿಂದ ಎರಡನ್ನೂ ಕೊಟ್ಟು ನೋಡಬೇಕು. ಪಠ್ಯಕ್ರಮ ಕೇಳಿದ ಪತ್ರ ಸಿಕ್ಕರೆ ಅದರ ಮುಂದಿನ ಎರಡು ವಾರಗಳ ಪತ್ರಗಳನ್ನು ಬಿಡದೆ ಓದಬೇಕು.

ಹಳೆಯ ವಿಳಾಸ ಕೈಯಲ್ಲಿದ್ದು ಪುಟ ತೆರೆಯದಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ನೋಡಬೇಕು. ವೇಯ್ಸ್ ರೂಪಿಸಿದ ಅದೇ ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಈ ಭಂಡಾರ ವೆಬ್ ಪುಟಗಳನ್ನು ಆ ವರ್ಷದಿಂದ ಮುಂದಕ್ಕೆ ಮಾತ್ರ ಹಿಡಿದಿಟ್ಟಿದೆ. ಅದಕ್ಕೂ ಹಿಂದಿನ ಗೋಫರ್ ಮೆನುಗಳನ್ನು ಅಲ್ಲಿ ನಿರೀಕ್ಷಿಸಬಾರದು.

ಒಂದು ಪಠ್ಯಕ್ರಮವಲ್ಲ, ಸಾವಿರಾರು ಪಠ್ಯಕ್ರಮಗಳ ಹೋಲಿಕೆ ಬೇಕು ಎನ್ನುವವರ ದಾರಿ ಬೇರೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ರಾಯ್ ರೋಸನ್‌ಜ್ವೀಗ್ ಸ್ಥಾಪಿಸಿದ ಇತಿಹಾಸ ಮತ್ತು ಹೊಸ ಮಾಧ್ಯಮಗಳ ಕೇಂದ್ರದಲ್ಲಿ ಡ್ಯಾನ್ ಕೋಹೆನ್ ರೂಪಿಸಿದ ಸಿಲಬಸ್ ಫೈಂಡರ್, ಪಠ್ಯಕ್ರಮಗಳಲ್ಲಿ ಪದೇಪದೇ ಬರುವ ಪದಗಳ ಆಧಾರದ ಮೇಲೆ ಗೂಗಲ್‌ನ ಫಲಿತಾಂಶಗಳಿಂದ ಪಠ್ಯಕ್ರಮಗಳನ್ನಷ್ಟೇ ಬೇರ್ಪಡಿಸುತ್ತಿತ್ತು. ಅದರ ನೆರವಿನಿಂದ ಸಿಕ್ಕ ಸುಮಾರು 800 ಪಠ್ಯಕ್ರಮಗಳನ್ನು ಪರಿಶೀಲಿಸಿ, ಅಮೆರಿಕದ ಇತಿಹಾಸದ ಪರಿಚಯ ಕೋರ್ಸುಗಳಲ್ಲಿ ಯಾವ ಪಠ್ಯಪುಸ್ತಕಗಳು ಬಳಕೆಯಲ್ಲಿವೆ ಎಂಬುದನ್ನು ಅವರು 2005ರಲ್ಲಿ ಪ್ರಕಟಿಸಿದರು. ಫಲಿತಾಂಶಗಳನ್ನು ಬೇರೆ ತಂತ್ರಾಂಶಗಳಿಗೆ ಕೊಡುವ ಆ ಮಾರ್ಗವನ್ನು ಗೂಗಲ್ ಮುಚ್ಚಿದ್ದರಿಂದ 2009ರಲ್ಲಿ ಸಾಧನವೂ ನಿಂತಿತು. ಈಗ ಆ ಬಗೆಯ ಕೆಲಸಕ್ಕೆ ಓಪನ್ ಸಿಲಬಸ್ ಇದೆ. 2016ರಲ್ಲಿ ಅದರ ಹುಡುಕುತಾಣ ತೆರೆದಾಗಲೇ ಸುಮಾರು 10 ಲಕ್ಷ ಪಠ್ಯಕ್ರಮಗಳ ದತ್ತಾಂಶ ಅದರಲ್ಲಿತ್ತು. ಯಾವ ಪುಸ್ತಕವನ್ನು ಎಷ್ಟು ಕಡೆ ಓದಿಸುತ್ತಾರೆ ಎಂಬ ಎಣಿಕೆಗೆ ಅದು ಅತ್ಯುತ್ತಮ. ಏಕೆ ಓದಿಸುತ್ತಾರೆ ಎಂಬ ಪ್ರಶ್ನೆ ಇದ್ದವರು ಮಾತ್ರ ಮತ್ತೆ ಹಳೆಯ ಪತ್ರಗಳಿಗೇ ಮರಳಬೇಕಾಗುತ್ತದೆ.

ತಮ್ಮ ಪಠ್ಯಕ್ರಮವನ್ನು ಹಂಚುವವರಿಗೆ ಮೇಲಿನ ಹೋಲಿಕೆಯಿಂದ ಹೊರಡುವ ಸಲಹೆ ಇಷ್ಟು. ವೈಯಕ್ತಿಕ ಪುಟವೊಂದರಲ್ಲೇ ಇಡದೆ, ವಿಷಯದ ಆಸಕ್ತರು ಸೇರುವ ಜಾಗಕ್ಕೂ ಸಂಸ್ಥೆಯ ಸ್ಥಿರ ಭಂಡಾರಕ್ಕೂ ಒಂದೊಂದು ಪ್ರತಿ ಕಳಿಸಬೇಕು. ಕಡತದ ಹೆಸರಿನಲ್ಲಿ ಕೋರ್ಸಿನ ಸಂಖ್ಯೆಗಿಂತ ಮೊದಲು ವಿಷಯ ಮತ್ತು ವರ್ಷ ಬರಬೇಕು. ವಿದ್ಯಾರ್ಥಿಗಳ ಹೆಸರು, ಮನೆಯ ದೂರವಾಣಿ ಸಂಖ್ಯೆ ಇದ್ದರೆ ತೆಗೆಯಬೇಕು. ಹಳೆಯ ವರ್ಷದ ಪ್ರತಿಯನ್ನು ಹೊಸದು ಬಂದಾಗ ಅಳಿಸದೆ ಪಕ್ಕದಲ್ಲೇ ಉಳಿಸಬೇಕು. ಮತ್ತು ಕಡತದ ಮೊದಲ ಪುಟದ ತಲೆಯಲ್ಲಿ, ಎಚ್-ಅರ್ಬನ್‌ಗೆ ಬರೆಯುತ್ತಿದ್ದವರು ಬರೆದಂತೆಯೇ, ಈ ಕೋರ್ಸು ಯಾರಿಗೆ, ಎಷ್ಟು ಜನರಿಗೆ, ಕಳೆದ ಸಲ ಕಲಿಸಿದಾಗ ಯಾವ ವಾರ ತೊಡಕಾಯಿತು ಎಂದು ನಾಲ್ಕು ಸಾಲು ಬರೆದಿಡಬೇಕು.